ಬಚ್ಚಲ ಮೋರಿಗೆ ಬಿದ್ದ ಫೋಟೋ ಕಾರ್ಡು

ಅಂಚೆಯಣ್ಣ ಆ ಕಾರ್ಡನ್ನು ರಜನೀಶನ ಕೈಗೇ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಬುಧವಾರ ಹನ್ನೊಂದು ಗಂಟೆ ಹೊತ್ತಿಗೆ ರಜನೀಶ ಅರಕಲಗೂಡಿನ ಬಸ್ ಸ್ಟ್ಯಾಂಡ್ ಪಕ್ಕದ ತನ್ನ ಅಂಗಡಿಯಲ್ಲಿ ಶುಂಠಿ ಬೆಳೆಗಾರರೊಬ್ಬರಿಗೆ ಪೈಪು ಅಳೆದುಕೊಡುತ್ತಿದ್ದ. ಮನೆಯಲ್ಲಿದ್ದವರು ತಾಯಿ ಪುಟ್ಟತಾಯಮ್ಮ. ಕಾರ್ಡು ಈಸಿಕೊಂಡು ನೋಡಿದರು. ಕಪ್ಪು ಬಿಳುಪು ಫೋಟೋ, ಸುತ್ತ ದಪ್ಪ ಕಪ್ಪು ಅಂಚು, ನಡುವೆ ನಗದೆ ಕೂತ ಒಬ್ಬ ಮುದುಕರು. ಇನ್ನೇನು ಬೇಕು? ತಿಥಿ ಕಾರ್ಡನ್ನು ಹೊಸ್ತಿಲೊಳಗೆ ತರಬಾರದು, ನೋಡಿದ ಕೂಡಲೇ ಹರಿದು ಹಾಕಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲಲ್ಲೇ ನಿಂತು ಎಂಟು ಚೂರು ಮಾಡಿ, ಹಿತ್ತಲಿಗೆ ಹೋಗಿ ಬಚ್ಚಲ ಮೋರಿಗೆ ಹಾಕಿದರು. ತಲೆಗೆ ನೀರು ಹುಯ್ದುಕೊಂಡು, ಒಲೆ ಆರಿಸಿ, ಪಕ್ಕದ ಮನೆಯ ಧನಲಕ್ಷ್ಮಿಗೆ ಸುದ್ದಿ ಮುಟ್ಟಿಸಿದರು.

ಕಾರ್ಡಿನ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಫೋನು ಒತ್ತಿದರೆ ನೂರು ಫೋಟೋ ಬೀಳುವ ಈ ಕಾಲದಲ್ಲೂ ಕ್ಯಾಮೆರಾಗೆ ರೀಲು ಹಾಕಿ, ಬಚ್ಚಲುಮನೆ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲಲ್ಲಿ ಕೂತು ತಾವೇ ಪ್ರಿಂಟು ತೊಳೆಯುವ ಹುಚ್ಚು ಜನ ನಮ್ಮ ಜಿಲ್ಲೆಯಲ್ಲಿ ಹನ್ನೊಂದು ಮಂದಿ ಇದ್ದಾರೆ. ಪ್ರಿಂಟಿನ ಬೆನ್ನಿಗೆ ವಿಳಾಸ ಬರೆದು, ಸ್ಟಾಂಪು ಹಚ್ಚಿ, ಲಕೋಟೆ ಇಲ್ಲದೆ ಒಬ್ಬರಿಗೊಬ್ಬರು ತಿಂಗಳಿಗೊಮ್ಮೆ ಕಳಿಸುತ್ತಾರೆ. ಯಾರಿಂದ ಯಾರಿಗೆ ಎಂಬುದು ಗುಟ್ಟು. ಬಂದ ಕಾರ್ಡಿನ ಚಿತ್ರವನ್ನು ಗಡುವಿನ ದಿನ ಸಂಜೆ ಆರರೊಳಗೆ ವಾಟ್ಸಾಪ್ ಗುಂಪಿಗೆ ಹಾಕಬೇಕು. ಎರಡು ಸಲ ತಪ್ಪಿದರೆ ಹೊರಗೆ.

ಗುಂಪಿನ ಯಜಮಾನರು ಚನ್ನರಾಯಪಟ್ಟಣದ ಚನ್ನಬಸವಯ್ಯ. ರಜನೀಶ ಅವರ ಮುಖ ಕಂಡವನಲ್ಲ, ಮೆಸೇಜು ಕಂಡೇ ಹೆದರಿದವನು. ಕಾರ್ಡಿನ ಮೇಲೆ ಸಾರು ಚೆಲ್ಲಿದ್ದಕ್ಕೆ ಹೊಳೆನರಸೀಪುರದ ಮೇಷ್ಟ್ರೊಬ್ಬರನ್ನು ಅವರು ಮುಲಾಜಿಲ್ಲದೆ ಹೊರಗೆ ಹಾಕಿದ್ದರು. ರಜನೀಶ ಎರಡು ವರ್ಷ ಕಾದು ಗುಂಪು ಸೇರಿದ್ದ, ಹೋದ ತಿಂಗಳು ಒಂದು ಸಲ ತಪ್ಪಿದ್ದ. ಪೈಪು ಬಿಟ್ಟು ಬೇರೆ ಮಾತಾಡುವ ಹತ್ತು ಜನ ಅವನಿಗೆ ಸಿಕ್ಕಿದ್ದು ಅಲ್ಲೇ. ಅದು ಕೈ ತಪ್ಪಿದರೆ ತನಗೇನು ಉಳಿಯುತ್ತದೆ ಎಂದು ನೆನೆದರೇ ಅವನಿಗೆ ಸಂಕಟವಾಗುತ್ತಿತ್ತು. ಈ ತಿಂಗಳ ಗಡುವು ಅದೇ ಬುಧವಾರ.

ಎರಡು ಗಂಟೆಗೆ ಊಟಕ್ಕೆ ಬಂದವನಿಗೆ ಊಟವಿರಲಿಲ್ಲ.

"ಯಾರೋ ಓಗ್ಬುಟ್ಟವ್ರೆ ಕಣಪ್ಪ. ನೀನೂ ತಲೆಗೆ ನೀರು ಹುಯ್ಕೊ," ಎಂದರು ಪುಟ್ಟತಾಯಮ್ಮ.

"ಯಾರವ್ವ?"

"ನಂಗೇನ್ ಗೊತ್ತು. ಕಾರ್ಡ್ ಬಂದಿತ್ತು, ಹರ್ದು ಹಾಕ್ದೆ."

"ಹಿಂದ್ಗಡೆ ಏನ್ ಬರ್ದಿದ್ರು ನೋಡ್ಲಿಲ್ವಾ?"

"ಅಂಥದ್ನ ಓದ್ತಾ ಕೂತ್ಕತಾರಾ ಯಾರಾದ್ರೂವೆ?"

ರಜನೀಶ ಪ್ಯಾಂಟು ಮಡಚಿ ಮೋರಿಗೆ ಇಳಿದ. ಜಾಲರಿಗೆ ಸಿಕ್ಕಿಕೊಂಡು ಏಳು ಚೂರು ಸಿಕ್ಕವು. ಫೋಟೋ ಕಾಗದ ನೀರಲ್ಲೇ ಹುಟ್ಟುವಂಥದ್ದು, ಚಿತ್ರಕ್ಕೆ ಏನೂ ಆಗಿರಲಿಲ್ಲ. ಹಿಂಬದಿಯ ಶಾಯಿ ಮಾತ್ರ ಒಂದಕ್ಷರ ಉಳಿಯದಂತೆ ತೊಳೆದುಹೋಗಿತ್ತು. ಎಂಟನೆಯ ಚೂರು, ಅಂದರೆ ಮುದುಕರ ಮೂಗು ಮತ್ತು ಬಾಯಿ, ಎದುರುಮನೆ ಕೆಂಪಣ್ಣನ ಜೇಬಿನಲ್ಲಿತ್ತು. ಸತ್ತವರ ಗುರುತು ಹಿಡಿಯಲು ಧನಲಕ್ಷ್ಮಿ ಅದನ್ನು ಮೋರಿಯಿಂದ ಎತ್ತಿ ಅವನಿಗೆ ಕೊಟ್ಟಿದ್ದಳು. ಅವನು ಬೀದಿಯ ಒಂದೊಂದು ಜಗುಲಿಗೂ ಅದನ್ನು ತೋರಿಸಿಕೊಂಡು ಬಂದಿದ್ದ.

"ಇದು ಯಾರೂ ಸತ್ತಿದ್ದಲ್ಲ ಕಣಣ್ಣ. ನಾವು ನಾವೇ ಕಳಿಸ್ಕೊಳೋ ಫೋಟೋ," ಎಂದು ರಜನೀಶ ವಿವರಿಸಿದ.

"ಬದ್ಕಿರೋರ ಫೋಟೋಗೆ ಯಾಕ್ಲಾ ಕಪ್ಪಂಚು ಹಾಕ್ತಾರೆ?"

"ಅದು ರೀಲಿನ ಅಂಚು."

"ದುಃಖ ಮುಚ್ಚಿಡ್ಬಾರ್ದು ಕಣ್ಲಾ. ಯಾರು ಅಂತ ಯೋಳು, ಕೊಡ್ತೀನಿ."

ಮೂರು ಗಂಟೆಗೆ ಹೋಗಿ ಕೇಳಿದ, ನಾಲ್ಕಕ್ಕೆ ಹೋಗಿ ಬೇಡಿಕೊಂಡ. ಕೆಂಪಣ್ಣ ಜಗ್ಗಲಿಲ್ಲ. ಐದೂಕಾಲಿಗೆ ರಜನೀಶ ಸೋತು, "ನಮ್ಮಪ್ಪನ ಕಡೆ ದೊಡ್ಡಪ್ಪ, ದಂಡಿಗನಹಳ್ಳಿಯೋರು," ಎಂದುಬಿಟ್ಟ. ಚೂರು ಕೈಗೆ ಬಂತು.

"ನಿಮ್ಮಪ್ಪಂಗೆ ಅಂಥ ಅಣ್ಣ ಎಲ್ಲಿದ್ರೋ?" ಎಂದರು ಅಲ್ಲಿಗೇ ಬಂದು ನಿಂತಿದ್ದ ಪುಟ್ಟತಾಯಮ್ಮ.

"ಇರ್ತಾರೆ ಕಣವ್ವ, ದೂರದೋರು," ಎಂದ ಕೆಂಪಣ್ಣ.

ತನಗೊಬ್ಬ ಭಾವ ಇದ್ದು, ತನಗೇ ಗೊತ್ತಾಗದಂತೆ ಸತ್ತೂ ಹೋದರಲ್ಲ ಎಂದು ಪುಟ್ಟತಾಯಮ್ಮ ಆ ದಿನ ಮೊದಲ ಸಲ ಅತ್ತರು. ಅಳು ಕೇಳಿ ಬೀದಿಯವರು ಬಂದರು.

ರಜನೀಶನಿಗೆ ಯಾರನ್ನೂ ಸಮಾಧಾನ ಮಾಡುವಷ್ಟು ಪುರುಸೊತ್ತಿರಲಿಲ್ಲ. ಒಂದು ರಟ್ಟಿನ ಮೇಲೆ ಎಂಟೂ ಚೂರು ಜೋಡಿಸಿ, ಅಂಗಡಿಯ ಪೈಪಿನ ಗಮ್ಮು ಹಾಕಿ ಅಂಟಿಸಿದ. ಬಾಯಿ ಸ್ವಲ್ಪ ಸೊಟ್ಟಗಾಯಿತು. ಪಡಸಾಲೆಯ ಗೋಡೆಗೆ ಒರಗಿಸಿಟ್ಟು, ಚಾರ್ಜಿಗೆ ಹಾಕಿದ್ದ ಫೋನು ತರಲು ಒಳಗೆ ಹೋದ. ಬರುವಷ್ಟರಲ್ಲಿ ಧನಲಕ್ಷ್ಮಿ ಮುದುಕರಿಗೆ ಸೇವಂತಿಗೆ ಹಾರ ಹಾಕಿ, ದೀಪ ಹಚ್ಚಿ, ಎರಡು ಊದುಬತ್ತಿ ಸಿಗಿಸಿದ್ದಳು. ನಾಲ್ಕಾರು ಜನ ಕೈ ಮುಗಿದು ನಿಂತಿದ್ದರು.

ಗಂಟೆ ಐದು ಐವತ್ತೊಂಬತ್ತು. ಹಾರ ತೆಗೆಯಲು ಹೋದರೆ ಹೊಡೆತ ಬೀಳುವುದು ಖಂಡಿತ. ರಜನೀಶ ಇದ್ದದ್ದು ಇದ್ದ ಹಾಗೇ ಫೋಟೋ ತೆಗೆದು, 'ತಲುಪಿದೆ, ವಂದನೆಗಳು' ಎಂದು ಬರೆದು ಗುಂಪಿಗೆ ಹಾಕಿದ. ಮಧ್ಯಾಹ್ನದಿಂದ ಹಿಡಿದಿದ್ದ ಉಸಿರು ಆಗ ಬಿಟ್ಟ.

ಮೊದಲ ಉತ್ತರ ಹಾಸನದ ಸುದರ್ಶನ್‌ದು. 'ಓಂ ಶಾಂತಿ.' ಹಿಂದೆಯೇ ಸ್ಮಿತಾ ಬರೆದಳು. 'ಮೊನ್ನೆ ತಾನೇ ಫೋನಲ್ಲಿ ಬೈದಿದ್ರು. ನಂಬಕ್ಕೇ ಆಗ್ತಿಲ್ಲ.' ಆಮೇಲೆ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಕಾರ್ಡು ಚೆನ್ನಾಗಿದೆ ಅನ್ನುವುದು ಬಿಟ್ಟು ಇವರೂ ಯಾಕೆ ಅಳುತ್ತಿದ್ದಾರೆ ಎಂದು ರಜನೀಶನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಹೆಗಲಿಗೆ ಕ್ಯಾಮೆರಾ ಚೀಲ ಹಾಕಿದ ಮುದುಕರೊಬ್ಬರು ಇಳಿದು ಒಳಗೆ ಬಂದರು. ಕೆಂಪಣ್ಣ ಅವರನ್ನು ನೋಡಿದ, ಗೋಡೆ ನೋಡಿದ, ಮೆಲ್ಲಗೆ ಹಿತ್ತಲ ಬಾಗಿಲ ಕಡೆ ಸರಿದ.

"ರಜನೀಶ್ ಅಂದ್ರೆ ನೀವೇನಾ? ನಾನು ಚನ್ನಬಸವಯ್ಯ. ಬುಧವಾರ ಸಂಜೆ ಬತ್ತೀನಿ ಅಂತ ಕಾರ್ಡಲ್ಲಿ ಬರ್ದಿದ್ನಲ್ಲ," ಎಂದವರು ಗೋಡೆ ಕಡೆ ತಿರುಗಿದರು.

ಪುಟ್ಟತಾಯಮ್ಮ ಕಣ್ಣೊರೆಸಿಕೊಂಡು, "ಬದ್ಕಿದ್ದೂ ಇಷ್ಟು ವರ್ಸ ಒಂದಿನಾನೂ ಈ ಕಡೆ ತಲೆ ಹಾಕ್ಲಿಲ್ವಲ್ಲ ಭಾವ," ಎಂದರು.

ರಜನೀಶ ಒಂದೇ ಉಸಿರಿಗೆ ಎಲ್ಲ ಹೇಳಿದ. ಚನ್ನಬಸವಯ್ಯ ಕನ್ನಡಕ ಹಾಕಿಕೊಂಡು, ಹಾರ ಪಕ್ಕಕ್ಕೆ ಸರಿಸಿ, ತಮ್ಮ ಮುಖವನ್ನು ಹತ್ತಿರದಿಂದ ನೋಡಿದರು. ಹೆಬ್ಬೆರಳಿನಲ್ಲಿ ಒಂದೊಂದು ಹರಕನ್ನೂ ಸವರಿದರು.

"ಇರ್ಲಿ ಬಿಡಪ್ಪ," ಎಂದರು ಕೊನೆಗೆ. "ಹೆತ್ತವ್ವ, ಕಾಗ್ದ ನೋಡಿ ಹೆದ್ರವ್ರೆ. ವಯಸ್ಸಾದೋನು ನಾನು, ಸತ್ತೆ ಅಂದ್ರೆ ನಂಗೇನು ಬೇಜಾರಿಲ್ಲ."

ರಜನೀಶನಿಗೆ ಹೋದ ಜೀವ ಬಂದಂತಾಯಿತು. "ದೊಡ್ಡ ಮನ್ಸು ಸಾ ನಿಮ್ದು," ಎಂದು ಕಾಲಿಗೆ ಬಗ್ಗಿದ.

"ಆದ್ರೆ ಕಾರ್ಡು ಹರ್ದೈತಲ್ಲ," ಎಂದು ಚನ್ನಬಸವಯ್ಯ ಜೇಬಿನಿಂದ ಫೋನು ತೆಗೆದು, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ರಜನೀಶನ ಫೋನು ಟಿಣ್ ಎಂದಿತು. ಗುಂಪಿನಿಂದ ಅವನ ಹೆಸರು ಹೋಗಿತ್ತು.