ಮಸ್ಕಿಯಲ್ಲಿ ಹಾರಿ ಬಂದ ಕ್ಯಾನಿಗೆ ಮೊದಲ ಪಾಳಿ ಸಲ್ಲುವುದೇ ಎಂಬ ಕುರಿತು

ಸೀಮೆಎಣ್ಣೆ ಪಾತ್ರೆಗಳ ಶಿಸ್ತುಪಾಲನಾ ವಿಭಾಗ

ಕ್ರಮಾಂಕ: ಸೀ.ಪಾ.ಶಿ/ಡಬ್ಬಿ/ಕ್ಯಾನು/ಗಾಳಿ/47/1992-93
ದಿನಾಂಕ: 14-8-1992

ಸುತ್ತೋಲೆ

ವಿಷಯ: ನ್ಯಾಯಬೆಲೆ ಅಂಗಡಿಯ ಮುಂದಿನ ಸರದಿ ಸಾಲಿನಲ್ಲಿ ತಗಡಿನ ಡಬ್ಬಿ ಹಾಗೂ ಪ್ಲಾಸ್ಟಿಕ್ ಕ್ಯಾನುಗಳ ನಡತೆಯನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: (1) ಇದೇ ವಿಭಾಗದ ಹಿಂದಿನ ಸುತ್ತೋಲೆ.
(2) ಗಿರಿಯಮ್ಮ ಎಂಬುವರ ಮೌಖಿಕ ದೂರು (ರಸ್ತೆಯ ಆಚೆ ಬದಿಗೂ ಕೇಳಿಸಿದ್ದು).
(3) ಆಷಾಢದ ಗಾಳಿ.

ಪ್ರಸ್ತಾವನೆ:

ಮಸ್ಕಿಯಲ್ಲಿ ಸೀಮೆಎಣ್ಣೆಗೆ ಜನ ಸಾಲು ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಕರಿಬಸಪ್ಪನವರ ನ್ಯಾಯಬೆಲೆ ಅಂಗಡಿಗೆ ಬ್ಯಾರಲ್ ಬರುತ್ತದೆಂಬ ಸುದ್ದಿ ಹಬ್ಬಿದ ಕೂಡಲೇ ಕಾರ್ಡುದಾರರು ತಂತಮ್ಮ ಡಬ್ಬಿ ತಂದು ರಸ್ತೆ ಪಕ್ಕದಲ್ಲಿ ಒಂದರ ಹಿಂದೊಂದು ಇಟ್ಟು, ಹೊಲಕ್ಕೋ ಕೂಲಿಗೋ ಸಂತೆಗೋ ಹೋಗಿಬಿಡುತ್ತಾರೆ. ಇನ್ನೊಬ್ಬರ ಡಬ್ಬಿಯನ್ನು ಯಾರೂ ಸರಿಸುವುದಿಲ್ಲ. ಈ ಪದ್ಧತಿಯಿಂದ ಇಲಾಖೆಗೆ ಮಾಡಲು ಯಾವ ಕೆಲಸವೂ ಉಳಿಯದ ಕಾರಣ, ಉಲ್ಲೇಖ (1)ರಲ್ಲಿ ಅದಕ್ಕೆ ಮಾನ್ಯತೆಯನ್ನಾದರೂ ನೀಡಿ, “ಪಾತ್ರೆ ಎಲ್ಲಿದೆಯೋ ಕಾರ್ಡುದಾರರು ಕಾನೂನಿನ ದೃಷ್ಟಿಯಲ್ಲಿ ಅಲ್ಲಿಯೇ ಇದ್ದಾರೆ” ಎಂದು ಆದೇಶಿಸಲಾಗಿತ್ತು. ಆ ಕಾಲಕ್ಕೆ ಪಾತ್ರೆಗಳೆಲ್ಲ ತಗಡಿನವು, ಇಟ್ಟಲ್ಲಿ ಇರುತ್ತಿದ್ದವು. ಮುಂದೆ ಪ್ಲಾಸ್ಟಿಕ್ ಎಂಬುದೊಂದು ಬರುತ್ತದೆಂದು ಇಲಾಖೆಗೆ ಯಾರೂ ಲಿಖಿತವಾಗಿ ತಿಳಿಸಿರಲಿಲ್ಲ.

ಸದರಿ ಸಾಲಿನ ಮೊದಲ ಡಬ್ಬಿ ಕೂಲಿ ಮಾಡುವ ಗಿರಿಯಮ್ಮನದು. ಹಳೆಯ ಎಣ್ಣೆ ಡಬ್ಬಿಗೆ ತಗಡು ಕೆಲಸದ ಗೌಸ್‌ಸಾಬ್ ಹಿಡಿಕೆ ಬೆಸೆದು ಕೊಟ್ಟದ್ದು. ಒಂದು ಮಗ್ಗುಲು ನೆಗ್ಗಿದೆ, ತಳದ ಸೋರಿಕೆಗೆ ಸೋಪು ಮೆತ್ತಲಾಗಿದೆ. ಈ ಸಲ ಆಕೆ ಬ್ಯಾರಲ್ಲಿನ ಸುದ್ದಿ ಹಬ್ಬುವ ಮೊದಲೇ ಡಬ್ಬಿ ತಂದಿಟ್ಟಿದ್ದಳು. ಮಗಳು ಹೊನ್ನೂರಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹಡೆದಿದ್ದಾಳೆ. ಜಿಟಿಜಿಟಿ ಮಳೆಗೆ ಕಟ್ಟಿಗೆಯೆಲ್ಲ ಹಸಿಯಾಗಿ, ಒಲೆ ಎಷ್ಟು ಊದಿದರೂ ಬರಿ ಹೊಗೆ. ಬಾಣಂತಿಗೂ ಕೂಸಿಗೂ ನೀರು ಕಾಯಿಸಲು ಸ್ಟೋವ್ ಒಂದೇ ಗತಿ. ಬ್ಯಾರಲ್ಲಾದರೋ ಮಸ್ಕಿಗೆ ಬರುವಾಗಲೇ ಅರ್ಧ ಖಾಲಿಯಾಗಿರುತ್ತದೆ (ಎಲ್ಲಿ ಖಾಲಿಯಾಗುತ್ತದೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ). ಸಾಲಿನ ಹಿಂದಿನವರು ಖಾಲಿ ಡಬ್ಬಿ ಹಿಡಿದು ಮನೆಗೆ ಹೋಗುವುದು ವಾಡಿಕೆ. ಆದ್ದರಿಂದ ಮೊದಲ ಪಾಳಿ ಎಂಬುದು ಆಕೆಗೆ ಮಾನದ ಮಾತಾಗಿರದೆ, ಕೂಸಿನ ಮೈಗೆ ಬೀಳುವ ಬಿಸಿನೀರಿನ ಮಾತಾಗಿತ್ತು.

ಹೀಗಿರಲಾಗಿ ಆಷಾಢದ ಗಾಳಿ ಬೀಸಿತು. ತಗಡಿನ ಡಬ್ಬಿಗಳು ಕಡೆದಿಟ್ಟ ಹಾಗೆ ನಿಂತವು. ಪ್ಲಾಸ್ಟಿಕ್ ಕ್ಯಾನುಗಳು ದಿಕ್ಕಾಪಾಲಾದವು. ಕಿರಾಣಿ ಅಂಗಡಿಯ ಜಂಬಮ್ಮನವರು ಲಿಂಗಸುಗೂರಿನಿಂದ ಹೊಸದಾಗಿ ತರಿಸಿದ ಹಳದಿ ಕ್ಯಾನು ಸಾಲಿನ ನಡುವಿನಿಂದ ಎದ್ದು, ಉರುಳಿ, ಪುಟಿದು, ಗಿರಿಯಮ್ಮನ ಡಬ್ಬಿಯನ್ನು ದಾಟಿ, ಅಂಗಡಿಯ ಮೆಟ್ಟಿಲಿಗೆ ಒರಗಿ ನೆಟ್ಟಗೆ ನಿಂತಿತು. ಸಾಲಿನಲ್ಲಿ ಅದಕ್ಕಿಂತ ಮುಂದೆ ಯಾವ ಪಾತ್ರೆಯೂ ಇರಲಿಲ್ಲ.

ಸ್ಥಳ ಪರಿಶೀಲನೆಯ ವೇಳೆ ಜಂಬಮ್ಮ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಕ್ಯಾನು ಇದ್ದಲ್ಲಿ ನಾ ಇದ್ದಂಗ ಅಂತ ನೀವs ಬರದು ಗ್ವಾಡಿಗೆ ಹಚ್ಚೀರಿ. ಈಗ ಕ್ಯಾನು ಮುಂದ ಐತಿ, ನಾನೂ ಮುಂದ ಇದ್ದೀನಿ. ನಾ ಏನು ದಬ್ಬಿಲ್ಲ, ಬೇಕಾದ್ರ ಗಾಳೀನ ಕೇಳ್ರಿ.”

ಗಿರಿಯಮ್ಮನ ಹೇಳಿಕೆ: “ನನ್ನ ಡಬ್ಬಿ ಕುಂತ ಜಾಗಾ ಬಿಟ್ಟು ಅಲ್ಲಾಡಿಲ್ರೀ. ಹಾರಿ ಬಂದದ್ದಕ್ಕ ಪಾಳಿ ಕೊಟ್ರ ನಾಳಿಗೆ ಕಾಗಿ ಬಂದು ಕುಂದ್ರತೈತಿ, ಅದಕ್ಕೂ ಚಿಮಣಿ ಎಣ್ಣಿ ಹಾಕ್ತೀರೇನು? ಮನ್ಯಾಗ ಹಸಗೂಸು ಐತ್ರೀ ಯಪ್ಪಾ.”

ಎರಡೂ ಹೇಳಿಕೆಗಳಲ್ಲಿ ಹುರುಳಿರುವುದು ಕಂಡುಬಂದು ಇಲಾಖೆಗೆ ತೊಂದರೆಯಾಗಿದೆ. ಆದ್ದರಿಂದ ಕಾಲಕಾಲಕ್ಕೆ ಹೊರಡಿಸಿದ ಈ ಕೆಳಗಿನ ಆದೇಶಗಳನ್ನು ಒಂದೆಡೆ ಕೂಡಿಸಿ, ಎಲ್ಲರೂ ಚಾಚೂತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

1. ವಿವಾದ ತೀರುವವರೆಗೆ ಸಾಲಿನ ಮೊದಲ ಸ್ಥಾನವನ್ನು ಅಮಾನತ್ತಿನಲ್ಲಿ ಇಡಲಾಗಿದೆ. ವಿತರಣೆಯು ಮೊದಲ ಸ್ಥಾನದಿಂದಲೇ ಆರಂಭವಾಗಬೇಕೆಂಬ ನಿಯಮವಿರುವುದರಿಂದಲೂ, ಮೊದಲ ಸ್ಥಾನದಲ್ಲಿ ಯಾರೂ ಇಲ್ಲದಿರುವುದರಿಂದಲೂ, ಯಾರಿಗೂ ಎಣ್ಣೆ ಕೊಡತಕ್ಕದ್ದಲ್ಲ. ಬಂದ ಬ್ಯಾರಲ್ ಅಂಗಡಿಯಲ್ಲಿ ಎಲ್ಲರ ಕಣ್ಣೆದುರಿಗೇ ಇರತಕ್ಕದ್ದು. “ಯಾರು ಮೊದ್ಲಾದ್ರ ನನಗೇನ್ರಿ ಸಾಹೇಬ್ರ, ಬುಚ್ಚು ಬಿಚ್ಚಲೋ ಬ್ಯಾಡೋ ಅಷ್ಟು ಹೇಳ್ರಿ” ಎಂಬ ಕರಿಬಸಪ್ಪನವರ ಮನವಿಯನ್ನು ಪರಿಶೀಲಿಸಿ ಕಡತದಲ್ಲಿ ಇಡಲಾಗಿದೆ.

2. ಬಾಲಪ್ಪ ಎಂಬುವರ ಕ್ಯಾನು ಹಾದುಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಿದ್ದು ಜವಳಗೇರಾ ತಲುಪಿರುವುದು ದೃಢಪಟ್ಟಿದೆ. ಉಲ್ಲೇಖ (1)ರಂತೆ ಸದರಿಯವರು ಈಗ ಜವಳಗೇರಾದ ನಿವಾಸಿ. ಅವರ ಕಾರ್ಡನ್ನು ಸಿಂಧನೂರು ತಾಲೂಕಿಗೆ ವರ್ಗಾಯಿಸಲಾಗಿದೆ. ತಾವು ಮಸ್ಕಿಯ ತಮ್ಮ ಮನೆಯ ಕಟ್ಟೆಯ ಮೇಲೆಯೇ ಕುಳಿತಿರುವುದಾಗಿ ಅವರು ಖುದ್ದಾಗಿ ಬಂದು ವಾದಿಸಿರುತ್ತಾರೆ. ಬೇರೆ ತಾಲೂಕಿನವರ ಅರ್ಜಿಯನ್ನು ಇಲ್ಲಿ ಸ್ವೀಕರಿಸಲು ಬರುವುದಿಲ್ಲವೆಂದು ಅವರಿಗೆ ತಿಳಿಹೇಳಲಾಯಿತು.

3. ಚರಂಡಿಗೆ ಬಿದ್ದ ಕ್ಯಾನುಗಳ ಒಡೆಯರು ತಾವು ಚರಂಡಿಯಲ್ಲಿರುವುದಾಗಿ ಭಾವಿಸಿಕೊಂಡು, ಮೇಲೆ ಬರಲು ಅನುಮತಿ ಕೋರತಕ್ಕದ್ದು.

4. ಪ್ಲಾಸ್ಟಿಕ್ ಕ್ಯಾನುಗಳು ಹಾರದಂತೆ ಅವುಗಳೊಳಗೆ ಕಲ್ಲು ಹಾಕತಕ್ಕದ್ದು. ಮಸ್ಕಿಯಲ್ಲಿ ಕಲ್ಲಿಗೆ ಕೊರತೆಯಿಲ್ಲ, ಊರ ಪಕ್ಕದಲ್ಲಿ ಇಡೀ ಬೆಟ್ಟವೇ ಇದೆ ಎಂಬುದು ಇಲಾಖೆಯ ಗಮನಕ್ಕೆ ಬಂದಿದೆ. ಆದರೆ ಕಂಡಲ್ಲಿ ಬಿದ್ದ ಕಲ್ಲು ಅಧಿಕೃತ ಕಲ್ಲಾಗುವುದಿಲ್ಲ. ಅಧಿಕೃತ ಕಲ್ಲುಗಳಿಗೆ ಟೆಂಡರ್ ಕರೆಯಲಾಗಿದ್ದು, ಅವು ಸರಬರಾಜಾಗುವವರೆಗೆ ಯಾವ ಕ್ಯಾನಿನಲ್ಲೂ ಯಾವ ಕಲ್ಲನ್ನೂ ಹಾಕಕೂಡದು. ಅವಸರಪಟ್ಟು ಕಲ್ಲು ಹಾಕಿದವರು, ಕ್ಯಾನಿನ ಬಾಯಿ ಸಣ್ಣದಿದ್ದು ಕಲ್ಲು ಮರಳಿ ಬಾರದಿದ್ದಲ್ಲಿ, ಅಷ್ಟು ಎಣ್ಣೆಯನ್ನು ಕಲ್ಲಿನ ಲೆಕ್ಕಕ್ಕೆ ಬಿಟ್ಟುಕೊಡತಕ್ಕದ್ದು.

5. ಗಾಳಿಯು ಸಾಲಿನ ಹಿಂದಿನಿಂದ ಮುಂದಕ್ಕೆ ಬೀಸಿ ಕ್ಯಾನು ಮುಂದೆ ಹೋದಲ್ಲಿ ಅದನ್ನು ಬಡ್ತಿ ಎಂದೂ, ಮುಂದಿನಿಂದ ಹಿಂದಕ್ಕೆ ಬೀಸಿದಲ್ಲಿ ಹಿಂಬಡ್ತಿ ಎಂದೂ, ಅಡ್ಡಗಾಳಿಗೆ ಸಾಲು ಬಿಟ್ಟು ಹೋದಲ್ಲಿ ವರ್ಗಾವಣೆ ಎಂದೂ ಪರಿಗಣಿಸತಕ್ಕದ್ದು. ಸುಂಟರಗಾಳಿಯ ಬಗ್ಗೆ ಮೇಲಧಿಕಾರಿಗಳಿಂದ ಸ್ಪಷ್ಟೀಕರಣ ಕೇಳಲಾಗಿದೆ.

6. ಅಷ್ಟು ಜೋರಾದ ಗಾಳಿಗೂ ತಗಡಿನ ಡಬ್ಬಿಗಳು ಅಲುಗದೆ ನಿಂತಿರುವುದು ಗಾಳಿಗೆ ತೋರಿದ ಅವಿಧೇಯತೆಯೋ ಹೇಗೆಂಬ ಸಂಶಯ ಉಂಟಾಗಿ, ಗೌಸ್‌ಸಾಬರಿಂದ ತಾಂತ್ರಿಕ ಅಭಿಪ್ರಾಯ ಪಡೆಯಲಾಯಿತು. “ತಗಡು ಐತ್ರೀ, ಅದಕ್ಕ ನಿಂತೈತಿ” ಎಂಬುದು ಅವರ ಅಭಿಪ್ರಾಯದ ಪೂರ್ಣ ಪಾಠ. ಇಷ್ಟು ಚಿಕ್ಕ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲವಾದ್ದರಿಂದ ಹಿಗ್ಗಿಸಿ ಕೊಡುವಂತೆ ಅವರಿಗೆ ಹಿಂತಿರುಗಿಸಲಾಗಿದೆ.

7. ವಿತರಣೆ ನಿಂತಿರುವಾಗಲೂ ಗಿರಿಯಮ್ಮನ ಮನೆಯಲ್ಲಿ ಸ್ಟೋವ್ ಉರಿಯುವ ಸದ್ದು ಕೇಳಿಬರುತ್ತಿದೆ ಎಂಬ ಮಾಹಿತಿಯ ಮೇರೆಗೆ ಸಿಬ್ಬಂದಿ ಅಲ್ಲಿಗೆ ಭೇಟಿ ನೀಡಿದರು. ತಪೇಲಿಯಲ್ಲಿ ನೀರು ಕಾದಿತ್ತು. ಗಿರಿಯಮ್ಮ ಕಾಲು ಚಾಚಿ ಕುಳಿತು ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಸ್ಟೋವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಪಿನ್ನು ಹಾಕುತ್ತಿದ್ದವರು, ಈ ಪ್ರಕರಣದ ಎದುರುವಾದಿಯಾದ ಜಂಬಮ್ಮ. ಎಣ್ಣೆ ಆಕೆಯ ಮನೆಯದೇ. ಇಲಾಖೆಯ ಅನುಮತಿಯಿಲ್ಲದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎಣ್ಣೆ ಸುರಿದ ಬಗ್ಗೆ ವಿವರಣೆ ಕೇಳಲಾಗಿ, ಆಕೆ ತಿರುಗಿ ನೋಡದೆ ನುಡಿದದ್ದು:

“ಪಾಳಿ ಜಗಳ ಅಂಗಡಿ ಮುಂದ ರೀ. ಅಲ್ಲಿ ನಾ ಅಕಿಗೆ ಒಂದು ಹೆಜ್ಜಿ ಬಿಟ್ಟುಕೊಡಾಕಿ ಅಲ್ಲ. ಆದ್ರ ಹಸಗೂಸಿನ ಮೈಮ್ಯಾಲ ತಣ್ಣೀರು ಹಾಕ್ರಿ ಅಂತ ಯಾವ ಸುತ್ತೋಲಿಯೊಳಗ ಬರದೀರಿ, ತೋರಸ್ರಿ ನೋಡೋಣು.”

ಕಡತಗಳನ್ನು ತಡಕಲಾಗಿ ಅಂಥ ಸುತ್ತೋಲೆ ಕಂಡುಬಂದಿರುವುದಿಲ್ಲ. ಬಿಸಿನೀರು ಬಿದ್ದೊಡನೆ ಕೂಸು ಅಳು ನಿಲ್ಲಿಸಿ ಕಣ್ಣು ಮುಚ್ಚಿತು. ಅದನ್ನು ಕಂಡು ಗಿರಿಯಮ್ಮನಿಗೆ ಜಂಬಮ್ಮನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಗಿ ಕಣ್ಣು ತುಂಬಿದವು. ಇದು ಕೂಡ ಇಲಾಖೆಯ ಪೂರ್ವಾನುಮತಿಯಿಲ್ಲದೆ ಆಗಿದೆ. “ಬಾಗಲಾ ಹಾಕ್ರಿ ಸಾಹೇಬ್ರ, ಕೂಸಿಗೆ ಗಾಳಿ ಬಡಿತೈತಿ” ಎಂದು ಆಕೆ ಹೇಳಿದ ಮೇರೆಗೆ ಸಿಬ್ಬಂದಿ ಬಾಗಿಲು ಹಾಕಿದರು. ಹಾಕುವಾಗ ತಾವು ಹೊರಗೆ ಉಳಿದದ್ದರಿಂದ ಪರಿಶೀಲನೆ ಮುಕ್ತಾಯವಾಯಿತು.

8. ಮರುದಿನ ಜಂಬಮ್ಮ ತಮ್ಮ ಕ್ಯಾನನ್ನು ಎತ್ತಿಕೊಂಡು ಹೋಗಿ ಸಾಲಿನ ನಡುವೆ ಮೊದಲಿದ್ದಲ್ಲೇ ಇಟ್ಟಿರುತ್ತಾರೆ. ಅವರ ಮನೆಯ ಎಣ್ಣೆಯೂ ತಳ ಕಂಡಿತ್ತು. ವಾದಿ ಪ್ರತಿವಾದಿಗಳು ತಮ್ಮಷ್ಟಕ್ಕೆ ತಾವೇ ರಾಜಿಯಾಗುವುದು ಕೆಟ್ಟ ಮಾದರಿಯಾದ್ದರಿಂದ ಸದರಿ ರಾಜಿಯನ್ನು ಒಪ್ಪಿರುವುದಿಲ್ಲ. ಅಮಾನತ್ತಿನಲ್ಲಿರುವ ಮೊದಲ ಸ್ಥಾನವನ್ನು ಯಾರೂ ಆಕ್ರಮಿಸದಂತೆ ಕಾಯಲು ಕಚೇರಿಯದೇ ನೀಲಿ ಪ್ಲಾಸ್ಟಿಕ್ ಕ್ಯಾನನ್ನು ಅಲ್ಲಿ ಇರಿಸಲಾಯಿತು. ಸ್ಥಾನ ಭರ್ತಿಯಾದ್ದರಿಂದ ವಿತರಣೆಗೆ ಅನುಮತಿಯನ್ನೂ ನೀಡಲಾಯಿತು. ಮೊದಲ ಎಣ್ಣೆ ಸಹಜವಾಗಿಯೇ ಕಚೇರಿಗೆ ಸಲ್ಲತಕ್ಕದ್ದು. ಕಚೇರಿಯ ಕ್ಯಾನು ಊರಿನ ಎಲ್ಲ ಕ್ಯಾನುಗಳಿಗಿಂತ ದೊಡ್ಡದಾಗಿರುವುದು ಕೇವಲ ಕಾಕತಾಳೀಯ. ಅದು ತುಂಬಿದರೆ ಬ್ಯಾರಲ್ಲಿನಲ್ಲಿ ತನಗೆ ಉಳಿಯುವುದು ವಾಸನೆ ಮಾತ್ರ ಎಂದು ಗಿರಿಯಮ್ಮನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾದದ್ದು ಮುಖದಲ್ಲೇ ಕಾಣುತ್ತಿತ್ತೆಂದು ವರದಿಯಾಗಿದೆ. ಆ ಬೆಂಕಿಯಿಂದ ನೀರು ಕಾಯಿಸಲು ಬರುವುದಿಲ್ಲ.

9. ಕರಿಬಸಪ್ಪನವರು ಬುಚ್ಚು ಬಿಚ್ಚಿ ಅಳತೆಯ ಲೀಟರು ಕೈಗೆತ್ತಿಕೊಳ್ಳುವಷ್ಟರಲ್ಲಿ ಅಡ್ಡಗಾಳಿ ಬೀಸಿತು. ಕಲಂ 4ರ ಟೆಂಡರ್ ಇತ್ಯರ್ಥವಾಗದ ಕಾರಣ ಕಚೇರಿಯ ಕ್ಯಾನಿನಲ್ಲಿ ಕಲ್ಲಿರಲಿಲ್ಲ. ಅದು ಗಿರಿಯಮ್ಮನ ಪಾದದ ಪಕ್ಕದಲ್ಲೇ ಉರುಳಿಕೊಂಡು ಹೋಯಿತು. ಆಕೆ ಕಾಲು ಅಡ್ಡ ಇಟ್ಟಿದ್ದರೆ ನಿಲ್ಲುತ್ತಿತ್ತು. ಆಕೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಕಾರಣ ಕೇಳಲಾಗಿ, “ನಿಮ್ಮ ಐದನೇ ಕಲಂ ಪ್ರಕಾರ ಅದು ವರ್ಗಾ ಆಗಿ ಹೊಂಟಿತ್ರೀ. ಸರಕಾರಿ ವರ್ಗಾ ತಡಿಯಾಕ ನಾ ಎಷ್ಟರಾಕಿ?” ಎಂದು ಕೈಮುಗಿದು ಉತ್ತರಿಸಿರುತ್ತಾಳೆ. ಸದರಿ ಕ್ಯಾನು ರಸ್ತೆಗಿಳಿದು, ಒಮ್ಮೆ ಮೇಲಕ್ಕೆದ್ದು, ಚಿನ್ನದ ಗಣಿಯ ಊರಾದ ಹಟ್ಟಿಗೆ ಹೊರಟಿದ್ದ ಖಾಲಿ ಲಾರಿಯೊಳಗೆ ಬಿದ್ದು ಹೊರಟುಹೋಗಿದೆ.

10. ಉಲ್ಲೇಖ (1)ರ ಪ್ರಕಾರ ಈ ವಿಭಾಗವು ಅಂದಿನಿಂದ ಹಟ್ಟಿಯಲ್ಲಿದೆ. ಅಲ್ಲಿ ಕಟ್ಟಡವಿಲ್ಲದಿರುವುದರಿಂದ ಕ್ಯಾನು ಇಳಿಸಲಾದ ಚಹಾ ಅಂಗಡಿಯ ಬೆಂಚಿನ ಮೇಲೆ ಕಾರ್ಯ ನಿರ್ವಹಿಸಲಾಗುತ್ತಿದೆ. ಗಣಿಯ ಪಾಳಿ ಬಿಟ್ಟು ಬಂದವರು ಕುಳಿತುಕೊಳ್ಳುವ ವೇಳೆಯಲ್ಲಿ ಸಿಬ್ಬಂದಿ ಎದ್ದು ನಿಲ್ಲತಕ್ಕದ್ದು.

11. ವಿಭಾಗವು ಮಸ್ಕಿಯಲ್ಲಿ ಇಲ್ಲದ ಆ ಹೊತ್ತಿನಲ್ಲಿ ಗಿರಿಯಮ್ಮನ ತಗಡಿನ ಡಬ್ಬಿ ಮೊದಲು ತುಂಬಿತೆಂದೂ, ಜಂಬಮ್ಮನ ಕ್ಯಾನು ತನ್ನ ಪಾಳಿಗೆ ತುಂಬಿತೆಂದೂ, ಕಚೇರಿಗೆ ಹೋಗಬೇಕಾಗಿದ್ದ ಎಣ್ಣೆ ಉಳಿದದ್ದರಿಂದ ಎಂದೂ ಇಲ್ಲದಂತೆ ಸಾಲಿನ ಕೊನೆಯ ಡಬ್ಬಿಗೂ ಎಣ್ಣೆ ಮುಟ್ಟಿತೆಂದೂ ತಿಳಿದುಬಂದಿದೆ. ಈ ಬಗ್ಗೆ ಇಲ್ಲಿಯವರೆಗೆ ಒಂದೂ ದೂರು ಬಂದಿಲ್ಲ. ದೂರು ಏಕೆ ಬಂದಿಲ್ಲ ಎಂಬುದಕ್ಕೆ ಮಸ್ಕಿಯ ಸಮಸ್ತ ಕಾರ್ಡುದಾರರು ತಡಮಾಡದೆ ಹಟ್ಟಿಗೆ ಬಂದು ಸಮಜಾಯಿಷಿ ನೀಡತಕ್ಕದ್ದು.

ಸಹಿ/-
ಪ್ರಭಾರ ಅಧಿಕಾರಿ
ಸೀಮೆಎಣ್ಣೆ ಪಾತ್ರೆಗಳ ಶಿಸ್ತುಪಾಲನಾ ವಿಭಾಗ
(ಸದ್ಯ ಬೆಂಚಿನ ಎಡತುದಿ)

ಪ್ರತಿಗಳು:
1. ಕರಿಬಸಪ್ಪ, ನ್ಯಾಯಬೆಲೆ ಅಂಗಡಿ, ಮಸ್ಕಿ – ಗೋಡೆಗೆ ಹಚ್ಚಿ, ಹಾರದಂತೆ ನೋಡಿಕೊಳ್ಳಲು.
2. ಬಾಲಪ್ಪ – ಜವಳಗೇರಾ ವಿಳಾಸಕ್ಕೆ. ಮಸ್ಕಿಯಲ್ಲಿ ಕಂಡುಬಂದರೆ ಕೊಡಕೂಡದು.
3. ಗೌಸ್‌ಸಾಬ್ – ಅಭಿಪ್ರಾಯ ಹಿಗ್ಗಿಸುವ ನೆನಪೋಲೆಯೊಂದಿಗೆ.
4. ಜಂಬಮ್ಮ ಹಾಗೂ ಗಿರಿಯಮ್ಮ – ಇಬ್ಬರಿಗೂ ಕೂಡಿ ಒಂದೇ ಪ್ರತಿ, ಇತ್ತೀಚೆಗೆ ಒಟ್ಟಿಗೇ ಕುಳಿತಿರುವುದರಿಂದ.
5. ಹೊನ್ನೂರಮ್ಮನ ಕೂಸಿಗೆ – ನೀರು ಹಾಕಿ, ಮೈ ಒರೆಸಿ, ನಿದ್ದೆ ಬಂದ ಮೇಲೆ, ಎಬ್ಬಿಸತಕ್ಕದ್ದಲ್ಲ.