ದೊಡ್ಡವ್ವನ ಗುಂಡಿಗಿ, ನನ್ನ ರಬ್ಬರ್ ಹಾವು

ನಮ್ಮನಿಯಾಗ ಯಾರ ಎದಿ ಡವಡವ ಅಂದ್ರೂ ಮೊದಲು ನನ್ನ ಕಿವಿ ಹಿಂಡ್ತಾರ. ಹತ್ತಕ್ಕ ಒಂಬತ್ತು ಸಲ ಸರಿಯಾಗೇ ಹಿಂಡಿರ್ತಾರ.

೧. ರೊಟ್ಟಿ ಬುಟ್ಟಿ

ಕೊಟ್ಟೂರು ಸಂತ್ಯಾಗ ತಂದ ರಬ್ಬರ್ ಹಾವನ್ನ ರೊಟ್ಟಿ ಬುಟ್ಟಿಯ ಅರಿವಿ ಕೆಳಗ ಮಲಗಿಸಿದ್ದೆ, ದೊಡ್ಡಪ್ಪ ಹೆದರ್ಲಿ ಅಂತ. ಅರಿವಿ ಎತ್ತಿದಾಕಿ ದೊಡ್ಡವ್ವ. "ಯವ್ವಾ!" ಅಂದಾಕಿ ಎದಿ ಹಿಡ್ಕೊಂಡು ಕುಂತೇಬಿಟ್ಲು. ಮೈಯೆಲ್ಲ ಬೆವರು. ನಾನು ಹಾವನ್ನ ಕಿಸೆದಾಗ ತುರುಕಿ, ಓಡಿಹೋಗಿ ಆಟೋ ತಂದೆ.

ಊರ ಆಸ್ಪತ್ರ್ಯಾಗ ಇಸಿಜಿ ನೋಡಿ, "ಹಾರ್ಟ್ ಅಟ್ಯಾಕ್ ಇದ್ದಂಗೈತಿ, ದಾವಣಗೆರಿಗೆ ಹೊರಡ್ರಿ" ಅಂದ್ರು. ಆಂಬುಲೆನ್ಸಿನಾಗ ದೊಡ್ಡಪ್ಪ ಅಳ್ತಾ ನನ್ನ ತಲಿ ಸವರಿದ. "ನೀನಿದ್ದಿ ಅಂತ ಉಳದ್ಲಪ್ಪಾ."

ಕಿಸೆದಾಗಿನ ಹಾವಿನ ಬಾಲ ತೊಡಿ ಚುಚ್ಚಿತು.

೨. ಡಾಕ್ಟ್ರಮ್ಮನ ಪ್ರಶ್ನೆ

ದಾವಣಗೆರ್ಯಾಗ ಕೈಯಾಗ ನಳಿಗಿ ಹಾಕಿ ನೋಡಿದ್ರ, ರಕ್ತನಾಳದಾಗ ಎಲ್ಲೂ ಅಡ್ಡ ಇಲ್ಲ. ಎಕೋದಾಗ ನೋಡಿದ್ರ, ಗುಂಡಿಗಿಯ ತಳ ಮಾತ್ರ ಸರಿಯಾಗಿ ಬಡೀವಲ್ದು, ಗಡಿಗಿಯಂಗ ಉಬ್ಬೈತಿ.

ಡಾಕ್ಟ್ರಮ್ಮ ನಮ್ಮನ್ನ ಒಳಗ ಕರೆದರು. "ಎದೆನೋವಿಗೆ ಮುಂಚೆ ಏನಾದ್ರೂ ಆಘಾತ ಆಗಿತ್ತಾ? ಸಾವು, ಜಗಳ, ಗಾಬರಿ? ಮುಚ್ಚಿಡಬೇಡ್ರಿ."

"ಏನಿಲ್ರಿ, ರೊಟ್ಟಿ ತಗೀತಿದ್ಲು" ಅಂದ ದೊಡ್ಡಪ್ಪ.

ಇನ್ನ ಸುಮ್ಮನಿದ್ರ ದೊಡ್ಡವ್ವ ಕೈಬಿಟ್ಟು ಹೋದಾಳು ಅನಿಸಿ, ಹಾವು ತೆಗೆದು ಮೇಜಿನ ಮ್ಯಾಲ ಇಟ್ಟೆ. ಡಾಕ್ಟ್ರಮ್ಮ ಚೀರಿ ಕುರ್ಚಿ ಹತ್ತಿದರು. ಇಳಿದು, ಸುಧಾರಿಸ್ಕೊಂಡು ಅಂದ್ರು: "ಕಾಯಿಲೆ ಗೊತ್ತಾಯ್ತು."

ಗಾಬರಿಗೆ ಗುಂಡಿಗಿ ಸೋತೈತಂತ. ಗುಳಿಗಿ, ವಿಶ್ರಾಂತಿ, ಕೆಲವು ವಾರ, ಸರಿಹೋಗ್ತೈತಿ. ಆದ್ರ ಇನ್ನೊಂದು ಗಾಬರಿ ಬ್ಯಾಡ, ದಿಢೀರ್ ಖುಷೀನೂ ಬ್ಯಾಡ. ದೊಡ್ಡಪ್ಪ ತಲಿ ಸವರಿದ ಕೈಲೇ ಬೆನ್ನಿಗೆ ಬಿಗಿದ.

೩. ಮಾತಾಡ್ಸಾಕ ಬಂದೋರು

ನನಗ ವಾರ್ಡಿನ ಬಾಗಿಲು ಕಾಯೋ ಶಿಕ್ಷೆ. ಎಳನೀರು ಹಿಡ್ಕೊಂಡು ಬಂದ ಬೀಗ್ತಿ, "ನಮ್ಮತ್ತೀನೂ ಹಿಂಗ ಎದಿ ಹಿಡ್ಕೊಂಡು ಮಲಗಿದಾಕಿ..." ಅಂತ ಹೊಸ್ತಿಲದಾಗೇ ಶುರು ಮಾಡಿದ್ಲು. "ಮುಂದಿಂದು ನನಗ ಹೇಳ್ರಿ" ಅಂತ ಹೊರಗ ಕುಂದ್ರಿಸಿದೆ. ಬಂದೋರಿಗೆಲ್ಲ ಅದೇ ಕಾನೂನು. ಸಂಜೀಗೆ ಏಳು ಸಾವು ಕೇಳಿದ್ದೆ. ನರ್ಸಕ್ಕ ನನ್ನ ನಾಡಿ ಹಿಡಿದು, "ನಿನಗೂ ಒಂದು ಮಂಚ ಹಾಕ್ಲೇನಪ್ಪಾ?" ಅಂದ್ಲು.

೪. ಸಿಹಿ ಸುದ್ದಿ

ಅದೇ ವಾರ ಫಲಿತಾಂಶ ಬಂತು. ಮೂರನೇ ಸಲ ಕಟ್ಟಿದ್ದ ಹತ್ತನೇ ಕ್ಲಾಸಿನ ಗಣಿತ ಪಾಸು! ಇದಕ್ಕಂತ ದೊಡ್ಡವ್ವ ಮೈಲಾರಕ್ಕ ಹರಕಿ ಹೊತ್ತಾಕಿ. ಈಗ ಹೇಳಿದ್ರ ಖುಷಿಗೆ ಗುಂಡಿಗಿ ಮತ್ತ ಉಬ್ಬಿದ್ರ? ಡಾಕ್ಟ್ರಮ್ಮನ್ನೇ ಕೇಳಿದೆ.

"ನಾನಿದ್ದಾಗ ಮೆಲ್ಲಗೆ ಹೇಳು" ಅಂದ ಡಾಕ್ಟ್ರಮ್ಮ ಮಾನಿಟರ್ ಮ್ಯಾಲ ಕಣ್ಣಿಟ್ಟು ನಿಂತರು. ನರ್ಸಕ್ಕ ಸೂಜಿ ಹಿಡಿದು ತಯಾರು. ದೊಡ್ಡಪ್ಪ ಕಣ್ಣು ಮುಚ್ಕೊಂಡ.

"ದೊಡ್ಡವ್ವಾ, ಗಾಬರಿ ಆಗಬ್ಯಾಡ... ನಾ ಪಾಸಾಗೀನಿ."

ಹಸಿರು ಗೆರಿ ಒಂದೀಟೂ ಜಿಗೀಲಿಲ್ಲ. ದೊಡ್ಡವ್ವ ಆಕಳಿಸಿ ಮಗ್ಗಲಾದ್ಲು.

"ಹೋಗಲೇ ಮಂಗ್ಯಾ. ಆ ಹಾವನ್ನಾದ್ರ ನಂಬಬಹುದಿತ್ತು."