ನಾನು ಬಂದ್ ಮಾಡಿದ ಅಮಾವಾಸ್ಯೆಗಳು

ಕೈಗೆ ಒಂದಿಷ್ಟು ಅಧಿಕಾರ ಬಂದ ಮನುಷ್ಯ ಮೊಟ್ಟಮೊದಲು ಮಾಡುವ ಕೆಲಸವೆಂದರೆ ಏನನ್ನಾದರೂ ಬಂದ್ ಮಾಡುವುದು. ದೊಡ್ಡವರು ರಸ್ತೆ ಬಂದ್ ಮಾಡುತ್ತಾರೆ, ಅಂಗಡಿ ಬಂದ್ ಮಾಡಿಸುತ್ತಾರೆ. ಗಡಹಿಂಗ್ಲಜದ ಒಂದು ಮಂಗಲ ಕಾರ್ಯಾಲಯದ ವ್ಯವಸ್ಥಾಪಕನಾದ ನನ್ನ ಕೈಗೆ ಅಷ್ಟು ದೊಡ್ಡದೇನೂ ಸಿಗಲಿಲ್ಲ. ಹಾಗಾಗಿ ನಾನು ಅಮಾವಾಸ್ಯೆಯನ್ನು ಬಂದ್ ಮಾಡಿದೆ.

ಆದದ್ದು ಹೀಗೆ. ಮದುವೆಗೆ ಹಾಲ್ ಹಿಡಿಯುವವರ ಸಲುವಾಗಿ ನಮ್ಮ ಟ್ರಸ್ಟಿನವರು ಕಂಪ್ಯೂಟರಿನಲ್ಲಿ ಬುಕಿಂಗ್ ಕ್ಯಾಲೆಂಡರ್ ಹಾಕಿಸಿದರು. ಕೊಲ್ಹಾಪುರದಿಂದ ಬಂದ ಸಾಫ್ಟ್‌ವೇರಿನವನು ಸೆಟ್ಟಿಂಗ್ ತೋರಿಸಿ, "ಕಾಕಾ, ಆತಾ ತುಮ್ಹೀಚ ಮಾಲಕ" ಎಂದು ಹೇಳಿ ಹೋದ. ಇನ್ನು ನೀವೇ ಮಾಲೀಕರು ಎಂಬ ಆ ಮರಾಠಿ ಮಾತು ನನ್ನ ತಲೆಗೇರಿತು. ವಾರ ಸೋಮವಾರ ಶುರುವಾಗಬೇಕೋ ಭಾನುವಾರವೋ, ತಿಂಗಳು ಪೂರ್ತಿ ಕಾಣಬೇಕೋ ವಾರವಷ್ಟೇ ಸಾಕೋ, ಗಿರಾಕಿ ಒಂದೇ ದಿನ ಆರಿಸಬೇಕೋ ಅರಿಶಿನದ ದಿನವನ್ನೂ ಸೇರಿಸಿ ಹಿಡಿಯಬಹುದೋ, ಎಲ್ಲ ನಾನು ಹೇಳಿದಂತೆ. ಬಣ್ಣದ ವಿಚಾರಕ್ಕೇ ಒಂದು ಮಧ್ಯಾಹ್ನ ಹೋಯಿತು. ಖಾಲಿ ದಿನಕ್ಕೆ ಹಸಿರು, ಹಿಡಿದ ದಿನಕ್ಕೆ ಕುಂಕುಮದ ಕೆಂಪು. ಕೊನೆಗೆ ಅಮಾವಾಸ್ಯೆಯ ಸರದಿ ಬಂತು. ಅವತ್ತು ಯಾರು ಮದುವೆ ಇಟ್ಟುಕೊಳ್ಳುತ್ತಾರೆ? ಮೊದಲು ಅದನ್ನು ಆರಿಸಲು ಬಾರದಂತೆ ಮಾಡಿದೆ. ಆಮೇಲೆ, ಶುಭಕಾರ್ಯದ ಜಾಗದಲ್ಲಿ ಅದು ಕಣ್ಣಿಗಾದರೂ ಯಾಕೆ ಬೀಳಬೇಕು ಎಂದು ಕಾಣದಂತೆಯೂ ಮಾಡಿದೆ. ತಿಂಗಳಿಗೊಂದು ಚೌಕ, ಬಿದ್ದ ಹಲ್ಲಿನ ಜಾಗದ ಹಾಗೆ ಖಾಲಿ ಉಳಿಯಿತು. ಟ್ರಸ್ಟಿನ ಅಧ್ಯಕ್ಷರು ನೋಡಿ, "ಭಾಳ ಚಲೋ ತಲಿ ಓಡಿಸೀರಿ" ಎಂದರು.

ಒಂದು ದಿನ ಪಾರ್ವತಕ್ಕ ಬಂದರು. ಅವರ ಗಂಡ ಬಸಲಿಂಗಪ್ಪ ನಮ್ಮ ಕಾರ್ಯಾಲಯದ ಅಡುಗೆಯವರಾಗಿದ್ದರು; ಊರಿನ ಅರ್ಧ ಮದುವೆಗಳ ಊಟ ಅವರ ಕೈಯದು. ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಹೆಸರಿನಲ್ಲಿ ನಾಲ್ಕು ಜನರಿಗೆ ಇಲ್ಲೇ ಊಟ ಹಾಕಬೇಕೆಂದು ಅಕ್ಕನ ಆಸೆ. ನಾನು ಗತ್ತಿನಿಂದ ಪರದೆಯನ್ನು ಅವರತ್ತ ತಿರುಗಿಸಿದೆ.

"ಬರೂ ಅಮಾಸಿ ಎಲ್ಲೈತ್ರಿ ಇದರಾಗ?"

"ಅದು ಇಲ್ರಿ ಅಕ್ಕಾರ. ತಗದೇನಿ."

"ಬ್ಯಾರೆ ಯಾರರ ಹಿಡದಾರೇನ್ರಿ?"

"ಯಾರೂ ಹಿಡದಿಲ್ರಿ."

"ಅಂದ್ರ ಹಾಲ್ ಖಾಲಿ ಐತಿ."

"ಹಾಲ್ ಖಾಲಿ ಐತ್ರಿ. ಆದ್ರ ದಿನಾನ ಇಲ್ಲ."

ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತು ನನಗೇ ವಿಚಿತ್ರವಾಗಿ ಕೇಳಿತು. ಆದರೂ ವ್ಯವಸ್ಥಾಪಕ ಅಷ್ಟು ಬೇಗ ಸೋಲಬಾರದು. ಪಕ್ಕದ ದಿನ ತೋರಿಸಿ, ಒಳ್ಳೇ ಹಸಿರು ಐತಿ, ಇದನ್ನ ತಗೋರಿ ಎಂದು ಸೀರೆ ಅಂಗಡಿಯವನಂತೆ ಪುಸಲಾಯಿಸಿದೆ. ಪಾರ್ವತಕ್ಕ ತಲೆ ಅಲ್ಲಾಡಿಸಿದರು.

"ಅವರ ಮುಹೂರ್ತದ ದಿನಾ ಎಲ್ಲಾ ನಿಮ್ಮ ಒಲಿ ಮುಂದ ಹೋದುವ್ರಿ. ಅಮಾಸಿಗೆ ಲಗ್ನ ಇರ್ತಿದ್ದಿಲ್ಲ, ಅವತ್ತಷ್ಟ ಮನ್ಯಾಗ ಇರ್ತಿದ್ರು. ತಾವೇ ಅಡಗಿ ಮಾಡಿ ನನಗ ನೀಡ್ತಿದ್ರು. ನಾ ಅವರ ಜೋಡಿ ಕುಂತು ಉಂಡದ್ದು ಅದೊಂದ ದಿನಾರಿ."

ನನಗೆ ಬಹಳ ಕೆಟ್ಟದೆನಿಸಿತು. ಯಾರಿಗೂ ಬೇಡವೆಂದು ನಾನು ಗುಡಿಸಿ ಹಾಕಿದ್ದು ಅವರ ಸಂಸಾರವನ್ನು. ತಡಬಡಿಸುತ್ತ ಸೆಟ್ಟಿಂಗ್ ತೆರೆದೆ. ದಿನ ಕಂಡಿತು, ಆರಿಸಲೂ ಬಂತು. ಆದರೆ ಆರಿಸಿದ ಕೂಡಲೇ ಚೌಕದ ತುಂಬ ಕುಂಕುಮದ ಕೆಂಪು ಹರಡಿತು. ನಾಚಿಕೆಯಿಂದ ಬಣ್ಣ ಬದಲಿಸಲು ಹೋದೆ. ಪಾರ್ವತಕ್ಕ ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇರ್ಲಿ ಬಿಡ್ರಿ" ಎಂದರು.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದೇ ಒಳ್ಳೆಯ ಸಮಯವೆಂದು ಕೇಳಿಯೇಬಿಟ್ಟೆ: "ನಾನೂ ಅಮಾಸಿಗೆ ಮನ್ಯಾಗ ಇರ್ತೇನಲ್ಲ. ನಿನಗ ಹೆಂಗ ಅನಸ್ತೈತಿ?"

ಅವಳು ಸೆರಗು ಇಳಿಸಿ ನನ್ನನ್ನೊಮ್ಮೆ ನೋಡಿದಳು.

"ನೀವು ಅವತ್ತ ಮುಂಜಾನಿಂದ ನನ್ನ ಅಡಗಿಮನಿ ಡಬ್ಬಿಗೋಳ ಜಾಗಾ ಬದ್ಲಿ ಮಾಡ್ಕೋತ ನಿಂದರ್ತೀರಿ. ಅಮಾಸಿಗೂ ಕಾರ್ಯಾಲಯ ತಗದದ್ದು ಭಾಳ ಚಲೋ ಆತು. ಪ್ರತಿ ತಿಂಗಳಾ ಹಿಂಗ ತಗೀರಿ."